ಕುಲುಮೆಯಲ್ಲಿ ಬಿಸಿಯಾದ ಊಟದ ಡಬ್ಬಿ

ಆ ದಿನದ ಫಜೀತಿಗೆಲ್ಲ ಕಾರಣ ತಣ್ಣಗಾದ ಒಂದು ಊಟದ ಡಬ್ಬಿ.

ಎರಕದ ಕಬ್ಬಿಣ ಆರುವಾಗ ಅದರೊಳಗೆ ಏನೇನು ಬದಲಾಗುತ್ತದೆ ಎಂದು ವರ್ಷಗಟ್ಟಲೆ ನೋಡುತ್ತಾ ಕೂತಿದ್ದ ನಮ್ಮ ಸಂಶೋಧಕನಿಗೆ ಲ್ಯಾಬಿನಲ್ಲಿ ‘ಎರಕಪ್ಪ’ ಎಂದೇ ಹೆಸರು. ಮೇಷ್ಟ್ರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು: ಇವತ್ತು ಸಂಜೆ ಮೆತ್ತನೆಯ ಕಬ್ಬಿಣದ ತುಂಡು ತೋರಿಸದಿದ್ದರೆ ಡಾಕ್ಟರೇಟ್ ಆಸೆ ಬಿಡು. ಬಿಟ್ಟರೆ ಮಾವನ ಬಟ್ಟೆ ಅಂಗಡಿಯೇ ಗತಿ. ಮಾವ ಆಗಲೇ ಅಲ್ಲಿ ಅಳಿಯ ಕೂರಲೆಂದು ಸ್ಟೂಲು ತಂದಿಟ್ಟಿದ್ದರು.

ಕೆಲಸವೇನೋ ಸುಲಭ. ಕೆಂಪಗೆ ಕಾದ ಕಬ್ಬಿಣ ಕುಲುಮೆಯೊಳಗೇ ನಿಧಾನವಾಗಿ ಆರಿದರೆ ಮೆತ್ತಗಾಗುತ್ತದೆ. ಅವಸರದಲ್ಲಿ ಆರಿದರೆ ಗಟ್ಟಿಯಾಗುತ್ತದೆ. ಬಾಗಿಲು ತೆರೆಯಬಾರದು, ಅಷ್ಟೇ. ಎರಕಪ್ಪ ಬೆಳಗಿನಿಂದ ಕದಲದೆ ಕಾವಲು ಕೂತ. ಮಧ್ಯಾಹ್ನ ಹೆಂಡತಿಯ ಫೋನು ಬಂತೆಂದು ಹೊರಗೆ ಹೋದ. ಅಂಗಡಿಯ ವಿಷಯ ಬಂದರೆ ಆ ಮಾತು ಬೇಗ ಮುಗಿಯುವುದಲ್ಲ.

ತಿರುಗಿ ಬಂದರೆ ಕುಲುಮೆಯ ಮುಂದೆ ಟೇಬಲ್ ಫ್ಯಾನು! ಪಕ್ಕದಲ್ಲಿ ಸ್ಟೋರ್ ನೋಡಿಕೊಳ್ಳುವ ಅಕ್ಕ.

“ಅಯ್ಯೋ ಅಕ್ಕಾ, ಏನ್ ಮಾಡಿದ್ರಿ?”

“ಡಬ್ಬಿ ಬಿಸಿಗಿಡೋಣ ಅಂತ ಬಾಗಿಲು ತೆಗೆದೆ ಕಣಪ್ಪ. ಒಳಗೆ ಕೆಂಡಾಮಂಡಲ! ಡಬ್ಬೀನೇ ಕರಗಿಹೋಗೋದು. ಅದಕ್ಕೇ ಫ್ಯಾನ್ ಹಾಕಿ ಆರಿಸಿ, ಡಬ್ಬಿ ಇಟ್ಟು ಬಾಗಿಲು ಹಾಕಿದೀನಿ. ನಿಂಗೂ ಎರಡು ತುತ್ತು ಕೊಡ್ತೀನಿ, ಇರು.”

“ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ! ಎತ್ಕೊಂಡು ಹೋಗಿ ನಿಮ್ಮ ಡಬ್ಬೀನ!”

ಅಕ್ಕ ಮುಖ ಊದಿಸಿಕೊಂಡು ಹೋದಳು. ಹಾಳಾದದ್ದು ಹಾಳಾಯಿತೆಂದು ಎರಕಪ್ಪ ತುಂಡನ್ನು ಸಂಜೆಯವರೆಗೂ ಮುಚ್ಚಿದ ಕುಲುಮೆಯಲ್ಲೇ ಬಿಟ್ಟ.

ಸಂಜೆ ಮೇಷ್ಟ್ರು ತುಂಡನ್ನು ಉಜ್ಜಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಎರಕಪ್ಪನ ಕಣ್ಣಿಗೆ ಸ್ಟೂಲು ಕಟ್ಟಿತು.

“ಇದೇನಯ್ಯಾ, ಒಳಗೆಲ್ಲ ಸೂಜಿ ಸೂಜಿ!” ಎಂದವರೇ ಸುತ್ತಿಗೆಯಿಂದ ಬಡಿದರು. “ಗಟ್ಟಿಗೆ ಗಟ್ಟಿ, ಒಡೆಯೋದೂ ಇಲ್ಲ! ಬೇಗ ಆರಿಸಿ, ನಡುವೆ ಹದವಾದ ಬಿಸೀಲಿ ನಿಲ್ಲಿಸಿದೀಯ. ಇಲ್ಲಿ ಯಾರ ಕೈಲೂ ಆಗಿರಲಿಲ್ಲ, ಭಲೇ! ನಾಳೆ ಪರೀಕ್ಷಕರ ಮುಂದೆ ಇದನ್ನೇ ಇನ್ನೊಂದ್ಸಲ ಮಾಡು, ಡಾಕ್ಟರೇಟ್ ನಿಂದೇ. ಫ್ಯಾನ್ ಇನ್ನೂ ಅಲ್ಲೇ ಇದೆ, ಎಷ್ಟು ಹೊತ್ತು ಗಾಳಿ ಹಾಕ್ದೆ?”

ಎರಕಪ್ಪ ಎದ್ದೆನೋ ಬಿದ್ದೆನೋ ಎಂದು ಸ್ಟೋರಿಗೆ ಓಡಿದ.

“ಅಕ್ಕಾ, ನನ್ನಮ್ಮಾ, ತಪ್ಪಾಯ್ತು! ಫ್ಯಾನ್ ಎಷ್ಟು ಹೊತ್ತು ಹಾಕಿದ್ರಿ?”

“ಯಾರಿಗ್ಗೊತ್ತು? ಟೈಪಿಸ್ಟ್ ಹುಡುಗಿ ಬಂದು ಅವಳ ಅತ್ತೆ ಕಾಟದ ಕತೆ ಹೇಳ್ತಿದ್ಲು. ಕತೆ ಮುಗಿಯೋವರೆಗೂ ಹಾಕಿದ್ದೆ.”

“ನಾಳೇನೂ ಅದೇ ಕತೆ ಹೇಳಿಸಿ! ಒಂದು ಮಾತೂ ಬಿಡಬಾರದು!”

“ಎಲ್ಲಿಂದ ಹೇಳ್ತಾಳೆ? ಆಗ್ಲೇ ಅತ್ತೆ ಫೋನ್ ಮಾಡಿ ರಾಜಿ ಆಗೋಯ್ತು. ಈಗ ಅತ್ತೆ ಅಂದ್ರೆ ದೇವರು ಅಂತಾಳೆ.”

ಅಷ್ಟರಲ್ಲಿ ಎರಕಪ್ಪನ ಫೋನು ಬಡಿದುಕೊಂಡಿತು. ಮಾವ!

“ಅಳಿಯಂದ್ರೇ, ನಿಮ್ಮ ಸ್ಟೂಲಿಗೆ ದಿಂಬು ಹೊಲಿಸಿದೀನಿ. ಒತ್ತಿ ನೋಡಿದೆ, ಎಷ್ಟು ಮೆತ್ತಗಿದೆ ಅಂತೀರಿ!”