ಧ್ಯಾನದಲ್ಲಿ ಕಂಡ ಕೋಣ

ಧ್ಯಾನ ಮಾಡಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ಮೊದಲು ಹೇಳಿದ ಮಹಾನುಭಾವರು ಯಾರೇ ಆಗಿರಲಿ, ಅವರು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿರಲಿಲ್ಲ ಎಂಬುದು ಮಾತ್ರ ಖಂಡಿತ. (ಭಗವಾನ್ ಬುದ್ಧರೇ ಯಶೋಧರೆಯನ್ನು ಎಬ್ಬಿಸದೆ ಹೊರಟರು. ಅದರ ಹಿಂದಿದ್ದ ಮುಂದಾಲೋಚನೆ ನನಗೆ ಈಗ ಅರ್ಥವಾಗುತ್ತಿದೆ.) ನಾನು ಕರೆದುಕೊಂಡು ಹೋದೆ. ಬಂದು ನಾಲ್ಕು ದಿನವಾಯಿತು, ಆದ ಆಘಾತ ಇನ್ನೂ ಇಳಿದಿಲ್ಲ.

ನಾನು ಉ ಬ ನ್ಯುನ್, ಮೊನ್ಯುವಾ ಊರಿನ ನಿವೃತ್ತ ಹೆಡ್ಮಾಸ್ತರು. ಮೂವತ್ತೆರಡು ವರ್ಷ ಪರೀಕ್ಷೆಯಲ್ಲಿ ಮಕ್ಕಳ ನಕಲು ಹಿಡಿದವನು. ನಿವೃತ್ತನಾದ ಮೇಲೆ ಬೆಳಗ್ಗೆ ಎದ್ದರೆ ಬೈಯುವುದಕ್ಕೆ ಒಬ್ಬ ಜವಾನನೂ ಇಲ್ಲ. ಅಷ್ಟರಲ್ಲಿ ನಮ್ಮ ಬೀದಿಯ ಧರ್ಮಸಭೆಯ ಅಧ್ಯಕ್ಷರ ಕುರ್ಚಿ ಖಾಲಿಯಾಯಿತು. ಹಿರಿಯರು ಸೇರಿ ತೀರ್ಮಾನಿಸಿದರು: ತಿಂಜಾನ್ ನೀರಾಟದ ರಜೆಯಲ್ಲಿ ಬೀದಿಯವರು ಧ್ಯಾನಕೇಂದ್ರದಲ್ಲಿ ಹತ್ತು ದಿನ ಕೂರಬೇಕು, ಕೂತವರಲ್ಲಿ ಅಲ್ಲಿನ ಗುರುಗಳಾದ ಸಯಾಡೋ ಯಾರ ಹೆಸರು ಹೇಳುತ್ತಾರೋ ಅವರೇ ಅಧ್ಯಕ್ಷರು. ಆ ಕುರ್ಚಿ ನನಗಲ್ಲದೆ ಇನ್ಯಾರಿಗೆ? ನಾನು ಆಗಲೇ ಸ್ವೀಕಾರ ಭಾಷಣದ ಮೂರು ಪುಟ ಬರೆದಾಗಿತ್ತು.

"ನಾನೂ ಬರ್ತೀನಿ" ಎಂದಳು ನನ್ನ ಹೆಂಡತಿ ದೊ ಲಾ ಯಿನ್, ಮೆಣಸಿನಕಾಯಿ ಕುಟ್ಟುತ್ತ.

"ನೀನಾ? ಅಲ್ಲಿ ಹತ್ತು ದಿನ ಬಾಯಿ ಮುಚ್ಕೊಂಡು ಕೂರಬೇಕು ಕಣೆ."

"ನಿಮ್ಮ ಜೊತೆ ಮೂವತ್ತು ವರ್ಷ ಕೂತಿಲ್ವಾ? ಅಭ್ಯಾಸ ಇದೆ."

"ಹೆಂಗಸರಿಗೆ ಧ್ಯಾನ ಹತ್ತೋದಲ್ಲ. ಕಣ್ಣು ಮುಚ್ಚಿದ್ರೆ ಒಲೆ ಮೇಲಿನ ಸಾರೇ ಕಾಣುತ್ತೆ" ಎಂದೆ, ಚಹಾಕ್ಕೆ ಬಂದಿದ್ದ ನೆರೆಯವರು ನಗಲಿ ಎಂದು. ಅವರು ನಕ್ಕರು. ಅವಳು ನಗಲಿಲ್ಲ, ಒನಕೆಯ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಮೊದಲ ದಿನ ಸಯಾಡೋ ವಿಧಾನ ಹೇಳಿಕೊಟ್ಟರು. ಕಾಲು ಮಡಚಿ ಕೂರಿ, ಕಣ್ಣು ಮುಚ್ಚಿ. ಉಸಿರು ಎಳೆದಾಗ ಹೊಟ್ಟೆ ಉಬ್ಬುತ್ತದೆ, ಬಿಟ್ಟಾಗ ಇಳಿಯುತ್ತದೆ. ಮನಸ್ಸಿನಲ್ಲೇ 'ಉಬ್ಬಿತು, ಇಳಿಯಿತು' ಎಂದು ಗುರುತಿಸಿ. ನಡುವೆ ಬೇರೇನಾದರೂ ನುಗ್ಗಿದರೆ ಓಡಿಸಬೇಡಿ, ಅದರ ಹೆಸರು ಹೇಳಿ. ತುರಿಕೆಯಾದರೆ 'ತುರಿಕೆ, ತುರಿಕೆ', ಸಿಟ್ಟು ಬಂದರೆ 'ಸಿಟ್ಟು, ಸಿಟ್ಟು'. ಮತ್ತೆ ಹೊಟ್ಟೆಗೆ ಬನ್ನಿ. ಅಷ್ಟೇ.

ಈ 'ಅಷ್ಟೇ' ಎಂಬ ಮಾತನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ನನ್ನ ಹೊಟ್ಟೆ ಉಬ್ಬುವುದರಲ್ಲಿ ನಿಸ್ಸೀಮ, ಇಳಿಯುವ ಸುದ್ದಿಯೇ ಇಲ್ಲ. ಮಧ್ಯಾಹ್ನದ ಮೇಲೆ ಅನ್ನ ಮುಟ್ಟುವಂತಿಲ್ಲವಾದ್ದರಿಂದ ಒಂದು ಗಂಟೆಯಿಂದಲೇ ನನ್ನ ಮನಸ್ಸು 'ಮೊಹಿಂಗಾ, ಮೊಹಿಂಗಾ' ಎಂದು ಬಿಸಿ ಮೀನುಸಾರನ್ನು ಗುರುತಿಸತೊಡಗಿತು. ಗೋಡೆಯಾಚೆ ಇಡೀ ಊರು ನೀರೆರಚಿ ಕುಣಿಯುತ್ತಿತ್ತು. ಮೂರನೆಯ ದಿನದಿಂದ ನಿದ್ದೆ. 'ನಿದ್ದೆ' ಎಂದು ನಾನು ಅದನ್ನು ಗುರುತಿಸುವ ಮೊದಲೇ ಅದು ನನ್ನನ್ನು ಗುರುತಿಸಿಬಿಡುತ್ತಿತ್ತು. ಪಕ್ಕದವರು ತಿವಿದು ಎಬ್ಬಿಸುತ್ತಿದ್ದರು. (ಧ್ಯಾನಕೇಂದ್ರದಲ್ಲಿ ಗೊರಕೆ ಮೌನಭಂಗವೋ ಅಲ್ಲವೋ ಎಂಬ ಬಗ್ಗೆ ನನಗೂ ಅವರಿಗೂ ಭಿನ್ನಾಭಿಪ್ರಾಯವಿತ್ತು.) ಎಚ್ಚರವಾದಾಗಲೆಲ್ಲ ಹಿಂದೆ ತಿರುಗಿ ಹೆಂಗಸರ ಸಾಲು ನೋಡುತ್ತಿದ್ದೆ. ಲಾ ಯಿನ್ ಕಂಬದ ಹಾಗೆ ಕೂತಿರುತ್ತಿದ್ದಳು. ನನಗೆ ನಿಜಕ್ಕೂ ದಿಗಿಲಾಯಿತು.

ಹತ್ತನೆಯ ದಿನ ಪ್ರತಿಯೊಬ್ಬರೂ ತಮ್ಮ ಅನುಭವವನ್ನು ಸಯಾಡೋಗೆ ಒಪ್ಪಿಸಬೇಕು. ಹೆಂಗಸರ ಸರದಿ ಬೆಳಗ್ಗೆಯೇ, ಗಂಡಸರಿಲ್ಲದಾಗ, ಮುಗಿದಿತ್ತು. ಗಂಡಸರದು ಮಧ್ಯಾಹ್ನ, ಎಲ್ಲರ ಎದುರಿಗೆ. ಒಪ್ಪಿಸಲು ನನ್ನ ಹತ್ತಿರ ಹಸಿವು ಮತ್ತು ಗೊರಕೆ ಬಿಟ್ಟು ಏನೂ ಇರಲಿಲ್ಲ. ಊಟದ ಸಾಲಿನಲ್ಲಿ ಲಾ ಯಿನ್ ಮಾತಾಡದೆ ತನ್ನ ಚೀಲ ನನ್ನ ಕೈಗಿತ್ತು ತಟ್ಟೆ ತೊಳೆಯಲು ಹೋದಳು. ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಹೆಡ್ಮಾಸ್ತರ ಕೈ ನೋಟ್‌ಬುಕ್ ಕಂಡರೆ ತಾನಾಗಿಯೇ ಹೋಗುತ್ತದೆ, ತಿದ್ದುವುದಕ್ಕೆ.

'ಮೂರನೆಯ ದಿನ: ಕಣ್ಣು ಮುಚ್ಚಿದರೆ ದಪ್ಪ ಕೋಣ. ಮಲಗಿ ಗೊರಕೆ. ದ್ವೇಷ, ದ್ವೇಷ. ಆರನೆಯ ದಿನ: ಅದೇ ಕೋಣ. ಸೌಟಿನಿಂದ ಬಾರಿಸುವ ಆಸೆ. ಆಸೆ, ಆಸೆ. ಒಂಬತ್ತನೆಯ ದಿನ: ಕೋಣ ಹೊಗೆಯಾಗಿ ಕರಗಿತು. ಕರುಣೆ. ಶಾಂತಿ.'

ನಾನು ದಂಗಾದೆ. ಒಲೆ ಬಿಟ್ಟು ಬೇರೆ ಕಾಣದವಳಿಗೆ ಇಂಥ ದಿವ್ಯದರ್ಶನವೇ? ಸಯಾಡೋ ಎದುರು ಇದನ್ನು ಹೇಳಲಾರದೆ ಬೆಳಗ್ಗೆ ಏನೋ ತೊದಲಿ ಬಂದಿರುತ್ತಾಳೆ, ಪಾಪ. ಒಳ್ಳೆಯ ದರ್ಶನವೊಂದು ಸುಮ್ಮನೆ ಹಾಳಾಗಬಾರದು ಎಂದು ನಾನೇ ಅದನ್ನು ಬಾಯಿಪಾಠ ಮಾಡಿದೆ.

"ಹೇಳಪ್ಪ ಉ ಬ ನ್ಯುನ್, ಏನು ಕಂಡೆ?" ಎಂದರು ಸಯಾಡೋ.

ಗಂಟಲು ಸರಿಪಡಿಸಿಕೊಂಡು ದ್ವೇಷ, ಆಸೆ, ಹೊಗೆ, ಕರುಣೆ ಎಲ್ಲವನ್ನೂ ಕ್ರಮವಾಗಿ ಒಪ್ಪಿಸಿದೆ. ಸಯಾಡೋ ನೆಟ್ಟಗೆ ಕೂತರು. ಕಣ್ಣು ಅರಳಿತು. ಅಧ್ಯಕ್ಷಗಿರಿ ಬಂತೆಂದೇ ನಾನು ತಿಳಿದೆ.

"ಕೋಣ ಎಲ್ಲಿ ಮಲಗಿತ್ತಪ್ಪ? ಜಗಲಿ ಮೇಲಾ?"

ಪರೀಕ್ಷಕರು ತಾವೇ ಉತ್ತರ ಕೊಟ್ಟರೆ ಹೌದೆನ್ನಬೇಕು, ಅದು ವಿದ್ಯಾರ್ಥಿಯ ಧರ್ಮ. "ಹೌದು ಸ್ವಾಮಿ, ಜಗಲಿ ಮೇಲೇ."

"ಹೊಟ್ಟೆ ಮೇಲೆ ಪೇಪರ್ ಹಾಸಿಕೊಂಡಿತ್ತಾ?"

"ಹಾಸಿಕೊಂಡಿತ್ತು ಸ್ವಾಮಿ."

"ಕನ್ನಡಕ?"

ಕೋಣಕ್ಕೆ ಕನ್ನಡಕವೆಂದರೆ ಏನೋ ಗೂಢಾರ್ಥ ಇರಬೇಕು ಎಂದುಕೊಂಡೆ. "ಇತ್ತು ಸ್ವಾಮಿ. ದಪ್ಪ ಗಾಜಿಂದು."

"ಎದ್ದ ತಕ್ಷಣ ಚಹಾ ಆರಿಹೋಗಿದೆ ಅಂತ ಬೈತಾ?"

"ಬೈತು ಸ್ವಾಮಿ, ಜೋರಾಗೇ ಬೈತು."

"ನೆರೆಯವರ ಎದುರಿಗೆ, ಹೆಂಗಸರಿಗೆ ಧ್ಯಾನ ಹತ್ತೋದಲ್ಲ ಅಂತ ಹೇಳ್ತಾ?"

"ಹೇಳ್ತು ಸ್ವಾ..."

ದಪ್ಪ ಗಾಜಿನ ಕನ್ನಡಕ ನನ್ನ ಮೂಗಿನ ಮೇಲಿಂದ ಜಾರತೊಡಗಿತು. ಹಿಂದೆ ಹೆಂಗಸರ ಸಾಲಿನಲ್ಲಿ ಯಾರೋ ಶಾಲನ್ನು ಬಾಯಿಗೆ ತುರುಕಿಕೊಂಡ ಸದ್ದು ಕೇಳಿತು. ಹತ್ತು ದಿನದ ಮೌನ ಒಡೆದು ಗಂಡಸರೂ ನಕ್ಕರು.

"ಇಷ್ಟು ವರ್ಷದಲ್ಲಿ ಕೋಣ ಕಂಡವರು ಬೇಕಾದಷ್ಟು ಜನ ಬಂದಿದ್ದಾರೆ" ಎಂದರು ಸಯಾಡೋ ಶಾಂತವಾಗಿ. "ತನ್ನನ್ನ ತಾನೇ ಕಂಡ ಕೋಣ ಇದೇ ಮೊದಲು."

ಆಮೇಲೆ ನಮ್ಮ ಬೀದಿಯ ಅಧ್ಯಕ್ಷಗಿರಿಗೆ ದೊ ಲಾ ಯಿನ್ ಹೆಸರನ್ನು ಸೂಚಿಸಿದರು. ಬೇರೆಯವರ ಪುಣ್ಯಕ್ಕೆ ಮೂರು ಸಲ ಸಾಧು ಎನ್ನುವುದು ನಮ್ಮ ಪದ್ಧತಿ. ಎಲ್ಲರೂ ಅಂದರು. ನಾನೂ ಅಂದೆ, ಮೂರನೆಯದು ಅರ್ಧಕ್ಕೇ ನಿಂತಿತು.

ಎರಡೂ ಹಾಸಿಗೆಗಳನ್ನು ಹೊತ್ತು ಅಧ್ಯಕ್ಷರ ಹಿಂದೆ ಮನೆಯ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ.

"ಗುರುಗಳ ಮುಂದೆ ಕಟ್ಕೊಂಡ ಗಂಡನ್ನ ಕೋಣ ಅಂದ್ಯಲ್ಲೇ."

"ತಪ್ಪಾಯ್ತು ರೀ" ಎಂದಳು. ದನಿ ಮೆತ್ತಗಿತ್ತು. "ಸುಳ್ಳು ಹೇಳಲ್ಲ ಅಂತ ಶೀಲದ ವ್ರತ ತಗೊಂಡು ಕೂತಿದ್ದೆ. ಆದ್ರೂ ಹೇಳ್ದೆ."

ನನ್ನ ಎದೆಯಿಂದ ಒಂದು ಭಾರ ಇಳಿಯಿತು. "ಅಂದ್ರೆ ನಿನಗೆ ಕಂಡಿದ್ದು ಕೋಣ ಅಲ್ಲ?"

"ಅಲ್ಲ. ನಿಮ್ಮ ಮರ್ಯಾದೆ ಉಳೀಲಿ ಅಂತ ಕೋಣ ಅಂದೆ. ಕೋಣ ಗದ್ದೆನಾದ್ರೂ ಉಳುತ್ತೆ."

ಹಾಗಾದರೆ ಕಂಡಿದ್ದೇನು ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.