ಒಳಗಿನ ತೋಟಕ್ಕೆ ಜ್ವರ

ನಮ್ಮ ತೋಟದಲ್ಲಿ ಎಷ್ಟು ತೆಂಗಿನ ಮರಗಳಿವೆ ಎಂದು ನನ್ನ ತಮ್ಮನನ್ನು ಕೇಳಿ ನೋಡಿ. “ಹೊರಗಾ, ಒಳಗಾ?” ಎಂದು ನಿಮ್ಮನ್ನೇ ಕೇಳುತ್ತಾನೆ. ಹೊರಗೆ ಇನ್ನೂರ ಹತ್ತು. ಒಳಗೆ, ಅಂದರೆ ಅವನ ಕಂಪ್ಯೂಟರಿನೊಳಗೆ, ಇನ್ನೂರ ಇಪ್ಪತ್ತೊಂಬತ್ತು! ಅರವತ್ತೊಂದು ವರ್ಷದ ಗಂಡಸು, ಕಾಯಿ ಸುಲಿಸಬೇಕಾದ ಹೊತ್ತಿನಲ್ಲಿ ಕಣ್ಣು ಅರ್ಧ ಮುಚ್ಚಿ ಕುಳಿತು ಪರದೆಯ ಮೇಲಿನ ಮರಗಳಿಗೆ ಗರಿ ಹೊಂದಿಸುತ್ತಿದ್ದರೆ ಅಂಥವನಿಗೆ ಏನೆನ್ನಬೇಕು? ಊರವರು ಒಂದು ಹೆಸರಿಟ್ಟಿದ್ದಾರೆ. ಅಕ್ಕನಾದ ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಸುಳ್ಳೆಂದೂ ಹೇಳುವುದಿಲ್ಲ.

ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಐದಕ್ಕೆ ಏಳಬೇಕು, ಆರಕ್ಕೆ ಹಾಸಿಗೆಯ ಸುಕ್ಕು ಹೋಗಿರಬೇಕು, ಎಂಟಕ್ಕೆ ತಿಂಡಿ ಮುಗಿದಿರಬೇಕು. ಅವನೋ, ಒಗ್ಗರಣೆಗೆ ಕರಿಬೇವು ತಾ ಎಂದು ಕಳಿಸಿದರೆ ನಾವು ಉಂಡು ಕೈ ತೊಳೆದ ಮೇಲೆ ಬರುತ್ತಾನೆ.

“ಎಲ್ಲೋ ಹೋಗಿದ್ದೆ?”

“ನೆಳ್ಳು ನೋಡ್ತಾ ನಿಂತ್ಬುಟ್ಟೆ ಕಣಕ್ಕ. ಬೇವಿನ ನೆಳ್ಳು ಪುಡಿಪುಡಿಯಾಗಿ ಬೀಳ್ತದೆ, ತೆಂಗಿನ ನೆಳ್ಳು ಬಾಚಣಿಗೆ ಥರ ಬೀಳ್ತದೆ. ಯಾವತ್ತಾದ್ರೂ ನೋಡಿದ್ಯಾ?”

ಕರಿಬೇವು? ತಂದಿರುವುದಿಲ್ಲ!

ಒಮ್ಮೆ ತುರುವೇಕೆರೆ ಕಡೆ ಅವನಿಗೆ ಹೆಣ್ಣು ನೋಡಲು ಹೋಗಿದ್ದೆವು. ಬರುವಾಗ ಬಸ್ಸಿನಲ್ಲಿ, “ಹೆಂಗೋ, ಒಪ್ಗೆನಾ?” ಎಂದು ಕೇಳಿದೆ. “ಬಲು ಚೆನ್ನಾಗೈತೆ ಕಣಕ್ಕ. ಅಷ್ಟು ವಯಸ್ಸಾಗಿದ್ರೂ ಒಂದು ಪೊಟರೆ ಇಲ್ಲ” ಎಂದ. ಅವನು ನೋಡಿ ಬಂದದ್ದು ಅವರ ಮನೆಯ ಮುಂದಿನ ಹೊಂಗೆ ಮರವನ್ನು. ಹುಡುಗಿಯ ಪುಣ್ಯ ದೊಡ್ಡದಿತ್ತು. ಇವನು ಮದುವೆಯಿಲ್ಲದೆ ಹಾಲ್ಕುರಿಕೆ ಪಕ್ಕದ ತೋಟದ ಮನೆಯಲ್ಲಿ ಅವ್ವನ ಜೊತೆ ಉಳಿದ.

ಇನ್ನೊಂದು ಗುಣವನ್ನೂ ಹೇಳಿಬಿಡುತ್ತೇನೆ. ಹೊಸ ವಸ್ತು ಯಾವುದೇ ಬರಲಿ, ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳುವ ಕೈ ಅವನದಲ್ಲ. ಗೋಡೆ ಗಡಿಯಾರದ ಹಾಳೆ ಹಳದಿಯಾಗಿ, ನಮ್ಮ ಮನೆಯಲ್ಲಿ ಸದಾ ಮುಸ್ಸಂಜೆ. ಫ್ರಿಜ್ಜಿನ ಬಾಗಿಲು ತೆಗೆದರೆ ಹಾಳೆ ಚರಚರ ಎನ್ನುತ್ತದೆ, ಬೆಕ್ಕು ಓಡುತ್ತದೆ. ಕೀಳಲು ಹೋದರೆ, “ಬುಡಕ್ಕ, ಇರ್ಲಿ. ಕಿತ್ರೆ ಆವತ್ತಿಂದಾನೇ ಹಳೇದಾಗೋಕೆ ಶುರುವಾಗ್ತದೆ” ಎನ್ನುತ್ತಾನೆ. ಇಂಥ ತತ್ತ್ವಕ್ಕೆ ಯಾವ ಮದ್ದಿದೆ?

ಈಗ ಅವ್ವನ ವಿಷಯ. ತೊಂಬತ್ತು ದಾಟಿದ ಅವ್ವ ಹೋದ ವರ್ಷ ಹಿತ್ತಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ತುಮಕೂರಿನಲ್ಲಿ ಆಪರೇಷನ್ ಆಯಿತು. ಅವಳು ಅಲ್ಲಿ ಮಲಗಿದ್ದ ದಿನಗಳಲ್ಲೇ ಇಲ್ಲಿ ರಸ್ತೆ ಅಗಲವಾಗಿ, ತೋಟದ ಪಡುವಣ ಅಂಚಿನ ಹತ್ತೊಂಬತ್ತು ಮರಗಳು ಹೋದವು. ಅವ್ವ ಸೊಸೆಯಾಗಿ ಬಂದ ವರ್ಷ ತನ್ನ ಕೈಯಾರೆ ಇಟ್ಟ ಸಾಲು ಅದು. ಒಂದೊಂದಕ್ಕೂ ಹೆಸರಿಟ್ಟಿದ್ದಳು: ಗೌರಿ, ಗಿಡ್ಡಿ, ಬೋರಕ್ಕ, ಕೊನೆಯದು ಮೂಗಿ. ಯಾಕೆ ಮೂಗಿ? ಎಂಥ ಗಾಳಿಗೂ ಆ ಮರ ಸದ್ದು ಮಾಡುತ್ತಿರಲಿಲ್ಲವಂತೆ. ಸಾಲು ಹೋದ ಸುದ್ದಿಯನ್ನು ಅವ್ವನಿಗೆ ಹೇಳುವ ಧೈರ್ಯ ತಮ್ಮನಿಗಾಗಲಿಲ್ಲ. ನನ್ನ ಬಾಯಿಯನ್ನೂ ಮುಚ್ಚಿಸಿದ.

ಮನೆಗೆ ಬಂದ ಅವ್ವ ಮಂಚ ಬಿಟ್ಟು ಏಳಲಿಲ್ಲ. ಮೂಳೆ ಕೂಡಿತ್ತು, ಮನಸ್ಸು ಏಳಲಿಲ್ಲ. ನಾನು ತಿಪಟೂರಿನ ನನ್ನ ಮನೆಗೆ ಬೀಗ ಹಾಕಿ ಬಂದು, ದಿನಕ್ಕೆ ಹತ್ತು ಹೆಜ್ಜೆ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. “ಎಲ್ಲಿಗೆ ನಡೀಲೇ? ಅಡುಗೆಮನೇಗಾ? ಅಲ್ಲೇನ್ ಐತೆ, ನಿನ್ನ ಉಪ್ಪಿಲ್ಲದ ಸಾರು” ಎಂದು ಗೋಡೆ ಕಡೆ ತಿರುಗಿದಳು. ಇಂಥ ವಯಸ್ಸಿನವರು ಕೆಲವು ತಿಂಗಳಲ್ಲಿ ಎದ್ದು ನಡೆಯದಿದ್ದರೆ ಆಮೇಲೆ ಏಳುವುದಿಲ್ಲ. ಇದನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಹೊರಗೆ ಕರೆದೊಯ್ಯೋಣ ಎಂದರೆ ತಮ್ಮ ಅಡ್ಡ ನಿಂತ: “ಸಾಲು ಹೋಗಿರೋದು ಕಾಣ್ತದಲ್ಲಕ್ಕ!”

ಆಗ ಹುಟ್ಟಿದ್ದು ಒಳಗಿನ ತೋಟ. ಒಂದೊಂದು ಮರದ ಬುಡದಲ್ಲೂ ಅಂಗಾತ ಮಲಗಿ ಫೋಟೊ ತೆಗೆದ. ಕಾಯಿ ಕೀಳಲು ಬಂದವರು ಬಿಸಿಲು ಬಡಿದಿದೆ ಎಂದು ಹೆದರಿ ಅವನನ್ನು ಎತ್ತಿಕೊಂಡು ಬರುತ್ತಿದ್ದರೆ, “ಹಿಂಗೇ ಇನ್ನೊಂದು ಸುತ್ತು ಹೊತ್ಕೊಂಡು ಹೋಗ್ರಪ್ಪ, ಗರಿ ಚೆನ್ನಾಗಿ ಸಿಗ್ತಾವೆ” ಎಂದನಂತೆ! ಕಡಿದ ಮರಗಳನ್ನು ಹಳೆಯ ಫೋಟೊಗಳಿಂದ, ನೆನಪಿನಿಂದ ಬರೆದ. ನಾರಿನ ಚಾಪೆಯೊಂದಕ್ಕೆ ಕಾಲಿಂಗ್ ಬೆಲ್ಲಿನ ಎರಡು ಗುಂಡಿ ಹೊಲಿದು ತಂತಿ ಎಳೆದ. ಅವ್ವ ವಾಕರ್ ಹಿಡಿದು ಚಾಪೆಯ ಮೇಲೆ ನಿಂತಲ್ಲೇ ಒಂದು ಹೆಜ್ಜೆ ಹಾಕಿದರೆ, ಪರದೆಯ ಮೇಲೆ ತೋಟದೊಳಗೆ ಒಂದು ಹೆಜ್ಜೆ ಮುಂದೆ. ನಿಂತರೆ ತೋಟವೂ ನಿಂತಿತು.

ಅಲ್ಲಿ ಯಾವಾಗಲೂ ಸಂಜೆ ನಾಲ್ಕೂವರೆ. ಬಿಸಿಲು ಜೇನಿನ ಹಾಗೆ ಕಾಂಡಗಳ ಮೇಲೆ ಇಳಿಯುತ್ತಿತ್ತು. ಗರಿಗಳು ನಿದ್ದೆಯಲ್ಲಿ ಹೊರಳಿದಂತೆ ಹೊರಳುತ್ತಿದ್ದವು. ಯಾವ ಇರುವೆಯೂ ಕಚ್ಚುತ್ತಿರಲಿಲ್ಲ, ಯಾವ ಕಾಯಿಯೂ ತಲೆಗೆ ಬೀಳುತ್ತಿರಲಿಲ್ಲ. ಮೊದಲ ದಿನ ಅವ್ವ ಹಾಸಿಗೆಯಿಂದಲೇ ಕತ್ತೆತ್ತಿ ನೋಡಿದಳು. “ಅದು ನಮ್ಮ ಬಾವಿ ದಾರಿ ಅಲ್ವೇನ್ಲಾ?” ಎಂದು ಎದ್ದು ಕುಳಿತಳು. ನಾಲ್ಕನೆಯ ದಿನ ಚಾಪೆಯ ಮೇಲೆ ನಿಂತಳು. ಸುಳ್ಳೇಕೆ ಹೇಳಲಿ, ಗೋಡೆಯ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದೆ.

ಆದರೆ ತೋಟ ಬೆಳೆದಂತೆ ಹಳೆಯ ಕಂಪ್ಯೂಟರ್ ತಡವರಿಸತೊಡಗಿತು. ಅವನು ಹೊಸ ಪ್ರೊಸೆಸರ್ ತರಿಸಿದ. ಕಂಪ್ಯೂಟರಿನ ಮಿದುಳೇ ಅದು ಎಂದು ವಿವರಿಸಿದ. ಅದರ ನೆತ್ತಿಯ ಮೇಲೆ ಕೂತು ಬಿಸಿ ಹೀರಿ ಹೊರಗೆ ದಬ್ಬಲು ಲೋಹದ ಗರಿಗಳೂ ಫ್ಯಾನೂ ಇರುವ ಹೊಸ ಕೂಲರ್. ಎಲ್ಲವನ್ನೂ ತಾನೇ ಕೂರಿಸಿದ. ಶುರುವಾಯಿತು ನೋಡಿ ಜ್ವರ! ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ತೊಂಬತ್ತು, ತೊಂಬತ್ತೈದು, ನೂರು. ಏಳನೆಯ ನಿಮಿಷಕ್ಕೆ ಸರಿಯಾಗಿ, ಅವ್ವ ಬಾವಿ ದಾಟಿ ಪಡುವಣ ಸಾಲಿನ ಕಡೆ ತಿರುಗುವಷ್ಟರಲ್ಲಿ, ಠಪ್. ಕತ್ತಲೆ.

“ಮತ್ತೆ ಆರೋಯ್ತು ಬುಡು” ಎಂದು ಅವ್ವ ಕೂತುಬಿಡುತ್ತಿದ್ದಳು. ಐದು ದಿನ ಹೀಗಾದ ಮೇಲೆ ಆರನೆಯ ದಿನ ಏಳಲೇ ಇಲ್ಲ.

ನಾನು ಗೆರೆ ಹಾಕಿ ಚಾರ್ಟ್ ಬರೆದೆ. ನಿಮಿಷಕ್ಕೊಂದು ಸಲ ಜ್ವರ ಗುರುತು ಹಾಕಿದೆ. ಒದ್ದೆ ಬಟ್ಟೆ ಹಿಂಡಿ ಪೆಟ್ಟಿಗೆಯ ಮೇಲೆ ಹಾಕಹೋದಾಗ ನನ್ನ ತಮ್ಮ ಹುಟ್ಟಿದ ಮೇಲೆ ಮೊದಲ ಸಲ ಓಡಿದ್ದನ್ನು ಕಂಡೆ. “ಕರೆಂಟು ಕಣಕ್ಕ!” ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಇಟ್ಟೆವು. ಕಾಯಿ ಸುಲಿಯುವ ಕಣದಿಂದ ನಾರಿನ ಧೂಳೆಲ್ಲ ಒಳಗೆ ಬಂದು ಕೂತಿತು. ಅದನ್ನು ಬ್ರಷ್ಷಿನಿಂದ ಗುಡಿಸಿದೆ. ಜ್ವರ ಇಳಿಯಲಿಲ್ಲ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಕೊಬ್ಬರಿ ಮಾಡುವ ಪಕ್ಕದ ತೋಟದ ಯಜಮಾನರು ಬಂದು ಪೆಟ್ಟಿಗೆಗೆ ಕಿವಿಯಿಟ್ಟು, ಬೆರಳಲ್ಲಿ ತಟ್ಟಿ, “ಇನ್ನೂ ಒಳಗೆ ನೀರೈತೆ ಕಣಪ್ಪ. ಅಟ್ಟದ ಮೇಲಿಡು, ಹನ್ನೊಂದು ತಿಂಗಳಿಗೆ ಸರಿಹೋಯ್ತದೆ” ಎಂದರು. ಅವರು ತಮಾಷೆಗೆ ಹೇಳಿದ್ದು. ನನ್ನ ತಮ್ಮ ಅರ್ಧ ಗಂಟೆ ಯೋಚಿಸಿದ!

ಕೊನೆಗೆ ಮರಗಳ ನೆರಳನ್ನೆಲ್ಲ ತೆಗೆದುಹಾಕಿದ. ಆ ಮಿದುಳಿಗೆ ನೆರಳು ಲೆಕ್ಕ ಹಾಕುವುದೇ ದೊಡ್ಡ ಕೆಲಸವಂತೆ. ಜ್ವರ ಇಳಿಯಿತು. ಅವ್ವನನ್ನು ಪುಸಲಾಯಿಸಿ ಚಾಪೆಯ ಮೇಲೆ ನಿಲ್ಲಿಸಿದೆವು. ಅವಳು ಪರದೆ ನೋಡಿ ಕೈಯನ್ನು ಹಣೆಗೆ ಅಡ್ಡ ಹಿಡಿದಳು.

“ಇದೇನ್ಲಾ ಮಟಮಟ ಮಧ್ಯಾಹ್ನ! ಒಂದ್ ಮರಕ್ಕೂ ನೆಳ್ಳಿಲ್ಲ. ಇಂಥಾ ಬಿಸ್ಲಲ್ಲಿ ನನ್ನ ನಡ್ಸಿ ಸಾಯ್ಸೀಯಾ?”

ಹೋಗಿ ಮಲಗಿದಳು. ನೆರಳು ವಾಪಸ್ ಬಂತು, ಜ್ವರವೂ ಬಂತು.

ಮರುದಿನ ಮಧ್ಯಾಹ್ನ ಅಂಕಿ ತೊಂಬತ್ತೆಂಟಾದಾಗ ನಾನು ಕೂಲರಿನ ಲೋಹದ ಗರಿಗಳನ್ನು ಮೆಲ್ಲಗೆ ಮುಟ್ಟಿದೆ. ಬೆಳಗಿನ ಹಿತ್ತಾಳೆ ಚೆಂಬಿನಂತೆ ತಣ್ಣಗಿದ್ದವು! ಹಣೆ ಕಾದ ಹಂಚು, ಕೈಕಾಲು ತಣ್ಣಗೆ. ಇಂಥ ರೋಗಿಗಳನ್ನು ನಾನು ನೋಡಿಲ್ಲವೇ?

“ಒಳಗಿನ ಬಿಸಿ ಹೊರಗೆ ಬರ್ತಾನೇ ಇಲ್ಲ ಕಣೋ. ಮಧ್ಯೆ ಏನಿಟ್ಟಿದ್ದೀಯ?”

“ಬಿಸಿ ದಾಟ್ಲಿ ಅಂತ ಮದ್ದು ಹಚ್ಚಿದೀನಕ್ಕ, ಬೂದಿ ಬಣ್ಣದ್ದು. ಕೂಲರ್ ಜೊತೇಲೇ ಕೊಡ್ತಾರೆ.”

“ಆಮೇಲೆ?”

ಅವನು ಗೋಡೆ ಗಡಿಯಾರ ನೋಡಿದ. ಫ್ರಿಜ್ ನೋಡಿದ. ನನ್ನನ್ನು ಮಾತ್ರ ನೋಡಲಿಲ್ಲ.

ಆರಿಸಿ, ತಣಿಸಿ, ಕೂಲರ್ ಬಿಚ್ಚಿಸಿದೆ. ಅದರ ಅಂಗಾಲಿಗೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ! ಮೇಲೆ ಕೆಂಪು ಅಕ್ಷರದಲ್ಲಿ, ಕೂರಿಸುವ ಮುನ್ನ ಕಿತ್ತುಹಾಕಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

“ಓದ್ಲಿಲ್ವೇನೋ ಇದನ್ನ?”

“ಓದ್ದೆ ಕಣಕ್ಕ. ಎಲ್ಲದ್ರ ಮೇಲೂ ಹಂಗೇ ಬರ್ದಿರ್ತಾರೆ.”

ಕೀಳು ಎಂದೆ. ಅವನು ಬಹಳ ಹೊತ್ತು ಹಾಳೆಯ ಅಂಚನ್ನು ಉಗುರಲ್ಲಿ ಸವರುತ್ತ ಕುಳಿತಿದ್ದ. ನಂತರ, ಗಾಯದ ಪಟ್ಟಿ ಕೀಳುವವನಂತೆ ಕಣ್ಣು ಮುಚ್ಚಿ ಎಳೆದ. ಹಳೆಯ ಮದ್ದನ್ನು ಹತ್ತಿ ಮತ್ತು ಸ್ಪಿರಿಟ್ಟಿನಿಂದ ಒರೆಸಿದವಳು ನಾನು. ಆ ಕೆಲಸಕ್ಕೆ ನನ್ನನ್ನು ಮೀರಿಸುವವರಿಲ್ಲ. ಕಡಲೆಕಾಳಿನಷ್ಟು ಹೊಸ ಮದ್ದಿಟ್ಟು ಕೂರಿಸಿದೆವು. ಅರವತ್ತೆರಡು ಡಿಗ್ರಿ. ಅಲ್ಲಿಂದ ಮೇಲೇಳಲಿಲ್ಲ.

ಅವ್ವನನ್ನು ನಿಲ್ಲಿಸಿ ಹಿಂದೆ ಕುರ್ಚಿ ಇಟ್ಟೆ. ಐದು ನಿಮಿಷ. ಏಳು. ಪರದೆ ಆರಲಿಲ್ಲ. ಬಾವಿ ಹಿಂದಾಯಿತು. ಗೌರಿ ಬಂದಳು, ಗಿಡ್ಡಿ, ಬೋರಕ್ಕ. ಉದ್ದುದ್ದ ನೆರಳುಗಳ ಮೇಲೆ ಅವ್ವ ಹಗುರಾಗಿ, ಯಾರನ್ನೂ ಎಬ್ಬಿಸಬಾರದು ಎಂಬಂತೆ ನಡೆದಳು. ಕೊನೆಗೆ ಮೂಗಿಯ ಬುಡ. ಮೇಲೆ ಗರಿ ಅಲ್ಲಾಡುತ್ತಿತ್ತು, ಉಳಿದ ಮರಗಳ ಹಾಗೆ ಸದ್ದು ಮಾತ್ರ ಇರಲಿಲ್ಲ. ಅಷ್ಟನ್ನೂ ಮರೆಯದೆ ಮಾಡಿದ್ದ, ನನ್ನ ತಮ್ಮ.

“ಒಂದ್ ಗಳಿಗೆ ಕೂರ್ತೀನಿ” ಎಂದು ಅವ್ವ ಕುರ್ಚಿಯಲ್ಲಿ ಕುಳಿತಳು. ಪರದೆಯನ್ನೇ ನೋಡುತ್ತ ಹೇಳಿದಳು:

“ಇವನ್ನೆಲ್ಲ ಕಡ್ದಾಕವ್ರೆ ಅಂತ ನಂಗೊತ್ತು ಕಣ್ಲಾ.”

ತಮ್ಮನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

“ಯಾರವ್ವಾ ಹೇಳಿದ್ದು?”

“ಯಾರ್ ಹೇಳ್ಬೇಕು? ಆಸ್ಪತ್ರೆಯಿಂದ ಬಂದ ದಿನಾನೇ ಸಂಜೆ ಬಿಸ್ಲು ನನ್ನ ಮಂಚದ್ ಮೇಲೆ ಬಿತ್ತು. ನಾನು ಈ ಮನೇಗೆ ಬಂದು ಎಪ್ಪತ್ತು ವರ್ಷ ಆಯ್ತು, ಆ ಗಿಡ ಎದ್ದ ಮೇಲೆ ಒಂದ್ ದಿನ ಬಿದ್ದಿರ್ಲಿಲ್ಲ.”

“ಮತ್ತೆ ಕೇಳ್ಬಾರ್ದಿತ್ತಾ?”

“ಕೇಳಿದ್ರೆ ನೀನು ಅತ್ತುಬುಡ್ತಿದ್ದೆ” ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ವಾಕರ್ ಹಿಡಿದು ಮತ್ತೆ ಎದ್ದಳು. “ತಿರುಗ್ಸು. ಮನೇಗೆ ಹೋಗಾಣ.”

“ಸಾಕವ್ವ ಇವತ್ತಿಗೆ. ಆಫ್ ಮಾಡಿದ್ರೆ ಮನೇಲೇ ಇರ್ತೀಯಲ್ಲ.”

“ತೋಟಕ್ಕೆ ಬಂದೋಳು ನಡ್ಕೊಂಡು ವಾಪಸ್ ಹೋಗ್ಬೇಕಲ್ವಾ? ಇಲ್ಲೇ ಆರ್ಸ್ಬುಟ್ರೆ ನಾನು ಎಲ್ಲಿರ್ಲೋ?”

ಅವನು ತೋಟವನ್ನು ಮನೆಯ ಕಡೆ ತಿರುಗಿಸಿ, ಬಂದು ಅವಳ ಎಡಕ್ಕೆ ನಿಂತು, ಅವಳು ಕಾಲೆತ್ತಿದಾಗ ತಾನೂ ಕಾಲೆತ್ತಿದ. ನಾನು ಬಲಕ್ಕೆ ನಿಂತೆ. ನೆರಳಿನ ಮೇಲೆ ನೆರಳು ದಾಟಿ, ಬಾವಿ ದಾಟಿ, ಮೂವರೂ ನಿಂತಲ್ಲೇ ನಡೆದು ಮನೆಗೆ ಬಂದೆವು.