ಏಳು ದೇಶಗಳ ಏರಿಯಾ ಮ್ಯಾನೇಜರ್

ಟಿಕೆಟ್ಟಣ್ಣ ಎಡಗೆನ್ನೆ ಬೋಳಿಸಿ ಮುಗಿಸಿ, ಬಲಗೆನ್ನೆಗೆ ಬ್ಲೇಡು ತಾಗಿಸುವಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಒದ್ದೆ ಬೆರಳಲ್ಲೇ ತೆರೆದು ಓದಿದ. 'ಅಭಿನಂದನೆಗಳು. ಏಳು ದೇಶಗಳಲ್ಲಿ ಶಾಖೆಗಳಿರುವ ನಮ್ಮ ಸಂಸ್ಥೆ ತಮ್ಮನ್ನು ಏರಿಯಾ ಮ್ಯಾನೇಜರ್ ಹುದ್ದೆಗೆ ಆಯ್ಕೆ ಮಾಡಿದೆ. ಮನೆಯಿಂದಲೇ ಕೆಲಸ. ಅನುಭವ ಬೇಕಿಲ್ಲ.' ಕೆಳಗೆ ನಮೂದಿಸಿದ್ದ ಸಂಬಳ ಓದಿ ಅವನಿಗೆ ಬಿಕ್ಕಳಿಕೆ ಬಂತು.

ಸಿನಿಮಾ ಟಾಕೀಸಿನ ಟಿಕೆಟ್ ಕಿಟಕಿಯೊಳಗೆ ಅರ್ಧ ಆಯಸ್ಸು ಕಳೆದವನು ಅವನು. ಟಾಕೀಸು ಮುಚ್ಚಿತು, ಕಿಟಕಿ ಹೋಯಿತು, ಅಡ್ಡಹೆಸರು ಮಾತ್ರ ಉಳಿಯಿತು. ಅಂದಿನಿಂದ ಅಕ್ಕನ ಮನೆಯ ಹಿಂಬದಿ ಕೋಣೆಯಲ್ಲಿ, ಯಾರೋ ಮರೆತುಹೋದ ಕೊಡೆಯ ಹಾಗೆ ಮೂಲೆಗೊರಗಿಕೊಂಡಿದ್ದ.

ಅರ್ಧ ಗಡ್ಡದಲ್ಲೇ ಅಡುಗೆಮನೆಗೆ ಓಡಿದ. "ಅಕ್ಕಾ, ಕೆಲಸ ಸಿಕ್ತು."

ಅಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಅರ್ಜಿ ಯಾವಾಗ ಹಾಕಿದ್ದೆ?"

"ಹಾಕೇ ಇಲ್ಲ."

"ಮತ್ತೆ ಅವರಿಗೆ ನೀನು ಗೊತ್ತಾಗಿದ್ದು ಹೇಗೆ?"

ಟಿಕೆಟ್ಟಣ್ಣ ಸ್ವಲ್ಪ ಯೋಚಿಸಿದ. "ಹೆಸರು ಹರಡಿರಬೇಕು."

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ದಿನವೂ ಪೇಪರು ಓದಲು ಇವರ ಮನೆಗೇ ಬರುವವರು. ಅಂದು ಪೇಪರು ಬಿಟ್ಟು ಮೊಬೈಲು ಕಿತ್ತುಕೊಂಡು, ಸ್ಟಾಂಪು ಹಚ್ಚದ ಕವರನ್ನು ನೋಡುವಂತೆ ಅದನ್ನು ನೋಡಿದರು.

"ಕಂಪನಿ ವಿಳಾಸ ಎಲ್ಲಯ್ಯ? ಇಮೇಲೂ ಕಂಪನೀದಲ್ಲ, ಯಾರು ಬೇಕಾದ್ರೂ ಪುಕ್ಕಟೆ ಮಾಡ್ಕೊಳ್ಳೋದು. ಅನುಭವ ಬೇಡ, ಸಂಬಳ ಮಾತ್ರ ಮಂತ್ರಿಗೆ ಕೊಡೋ ಅಷ್ಟು. ಬೋಗಸ್ಸು ಇದು."

ಹೊಟ್ಟೆಕಿಚ್ಚು ಎಂದು ಮನಸ್ಸಿನಲ್ಲಿ ಅಂದುಕೊಂಡು, ಟಿಕೆಟ್ಟಣ್ಣ ಬಾಯಲ್ಲಿ, "ಇದ್ರಲ್ಲಿರೋ ನಂಬರಿಗೆ ಒಂದ್ಸಲ ಫೋನ್ ಮಾಡಿ ವಿಚಾರಿಸ್ತೀನಿ ಸಾರ್" ಎಂದ.

"ಸ್ಪೀಕರ್ ಹಾಕು," ಎಂದಳು ಅಕ್ಕ.

ಅತ್ತಲಿಂದ ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿ ಬಂತು. "ಹಲೋ ಸರ್, ಈಗಲೇ ಇಂಟರ್‌ವ್ಯೂ ಮುಗಿಸಿಬಿಡೋಣ. ಇಂಗ್ಲಿಷ್ ಬರುತ್ತಾ?"

"ಸ್ವಲ್ಪ."

"ವೆರಿ ಗುಡ್. ಕಂಪ್ಯೂಟರ್?"

"ನೋಡಿದ್ದೀನಿ."

"ಎಕ್ಸಲೆಂಟ್ ಸರ್. ನಿಮ್ಮಂಥೋರನ್ನೇ ಹುಡುಕ್ತಾ ಇದ್ವಿ."

ಟಿಕೆಟ್ಟಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. ಇನ್ನು ಲ್ಯಾಪ್‌ಟಾಪಿಗೂ ಗುರುತಿನ ಕಾರ್ಡಿಗೂ ಅರ್ಧ ಗಂಟೆಯೊಳಗೆ ಫೀಸು ಕಳಿಸಬೇಕು, ತಡವಾದರೆ ಹುದ್ದೆ ಬೇರೆಯವರ ಪಾಲಾಗುತ್ತದೆ ಎಂದಿತು ದನಿ.

"ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಕೇಳಲ್ಲ ಕಣಯ್ಯ," ಎಂದು ಪೋಸ್ಟ್‌ಮಾಸ್ಟರು ಪಿಸುಗುಟ್ಟಿದರು.

"ಸುಮ್ನಿರಿ ಸಾರ್, ಇಂಟರ್‌ವ್ಯೂ ನಡೀತಿದೆ."

ಅವನ ಹೆಬ್ಬೆರಳು ಆಗಲೇ ಬ್ಯಾಂಕಿನ ಆ್ಯಪ್ ಕಡೆಗೆ ಸರಿದಿತ್ತು. ಅಕ್ಕ ಸೋಪಿನ ಕೈಯಲ್ಲೇ ಮೊಬೈಲು ಕಸಿದುಕೊಂಡಳು.

"ಏನಮ್ಮಾ, ಊರಿಗೆಲ್ಲ ಸಂಬಳ ಹಂಚ್ತೀಯಲ್ಲ, ನಿನಗೆಷ್ಟು ಕೊಡ್ತಾರೆ?"

ಈಗ ಬಂದ ದನಿಯಲ್ಲಿ ಜೇನು ಇರಲಿಲ್ಲ. "ಇನ್ನೂ ಕೊಟ್ಟಿಲ್ಲಮ್ಮಾ. ನನಗೂ ಇಂಥದ್ದೇ ಮೆಸೇಜು ಬಂದಿತ್ತು. ಫೀಸು ಕಟ್ಟಿ ಸೇರ್ಕೊಂಡೆ. ಬೇರೆಯೋರನ್ನ ಸೇರಿಸಿದ್ರೆ ವಾಪಸ್ ಕೊಡ್ತೀವಿ ಅಂತಾರೆ. ಇದುವರೆಗೆ ಒಬ್ಬರೂ ಬಿದ್ದಿಲ್ಲ. ಇವರ ಮೇಲೆ ಮಾತ್ರ ತುಂಬ ಭರವಸೆ ಇತ್ತು."

ಬೈಯಲು ತೆರೆದಿದ್ದ ಅಕ್ಕನ ಬಾಯಿಂದ ಬೇರೆ ಮಾತು ಬಂತು. "ಬೆಳಿಗ್ಗೆ ಏನಾದ್ರೂ ತಿಂದ್ಯಾ?"

"ಇಲ್ಲ."

ಅಷ್ಟರಲ್ಲಿ ಹಿಂದಿನ ಬೀದಿಯ ಟೈರ್ ಅಂಗಡಿಯಲ್ಲಿ ಟ್ಯೂಬೊಂದು ಢಬ್ ಎಂದು ಸಿಡಿಯಿತು. ಒಂದು ಸಲ ಕಿಟಕಿಯಿಂದ ಕೇಳಿಸಿತು, ಇನ್ನೊಂದು ಸಲ ಫೋನಿನಿಂದ. ಮೂವರೂ ಮುಖ ಮುಖ ನೋಡಿಕೊಂಡರು.

"ಟೈರ್ ಅಂಗಡಿ ಮಹಡಿ ಮೇಲಿದ್ದೀಯಾ?" ಎಂದಳು ಅಕ್ಕ.

"ಹೂಂ."

"ಮತ್ತೆ ಏಳು ದೇಶ?" ಎಂದ ಟಿಕೆಟ್ಟಣ್ಣ.

"ಇದೊಂದೇ ರೂಮು ಸರ್. ಫ್ಯಾನೂ ಇಲ್ಲ."

"ಬ್ಯಾಗ್ ತಗೊಂಡು ಇಳಿದು ಬಾ. ನಿಮ್ಮ ಅಂಗಡಿ ಹಿಂದಿನ ಬೀದಿ, ನೀಲಿ ಗೇಟು," ಎಂದು ಅಕ್ಕ ಫೋನಿಟ್ಟಳು.

ಜೇನುದನಿಯ ಒಡತಿ ಬರುತ್ತಾಳೆಂದು ಟಿಕೆಟ್ಟಣ್ಣ ಬಲಗೆನ್ನೆಯನ್ನೂ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. ಬಂದವಳಿಗೆ ಅಕ್ಕನಷ್ಟೇ ವಯಸ್ಸು. "ಕ್ಷಮಿಸಿ ತಮ್ಮಾ," ಎಂದು ಕೈಮುಗಿದಳು.

ಪೋಸ್ಟ್‌ಮಾಸ್ಟರು ಅವಳನ್ನು ಕರೆದುಕೊಂಡು ಹೋಗಿ ಠಾಣೆಯಲ್ಲಿ ದೂರು ಕೊಡಿಸಿದರು. ಪೊಲೀಸರು ಮಹಡಿ ಹತ್ತುವ ಹೊತ್ತಿಗೆ ಕಂಪನಿಯ ಮಾಲೀಕ ಹಿಂದಿನ ಮೆಟ್ಟಿಲಿಳಿದು ಪರಾರಿಯಾಗಿದ್ದ. ಕುರ್ಚಿಗಳು ಮಾತ್ರ ಸಿಕ್ಕವು, ಅವೂ ಬಾಡಿಗೆಯವು.

ಮಧ್ಯಾಹ್ನ ಹಾಸಿಗೆ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಬಂದ ಭಾವ, ಊಟದ ಮೇಜಿನೆದುರು ಕೂತ ಹೊಸಬಳನ್ನು ಕಂಡು ಬೆರಗಾದರು. ಅಕ್ಕ ಕತೆಯೆಲ್ಲ ಹೇಳಿದಳು. ನಡುನಡುವೆ ಟಿಕೆಟ್ಟಣ್ಣ, "ನನಗೆ ಮೊದಲೇ ಅನುಮಾನ ಇತ್ತು" ಎಂದು ಸೇರಿಸುತ್ತಿದ್ದ.

"ಅಷ್ಟು ಚೆನ್ನಾಗಿ ಮಾತಾಡ್ತೀಯೇನಮ್ಮಾ? ನನಗೊಂದ್ಸಲ ಹೇಳು ನೋಡೋಣ," ಎಂದರು ಭಾವ.

ಅವಳು ನಾಚಿಕೊಳ್ಳುತ್ತಲೇ ಶುರುಮಾಡಿದಳು. ನಿಮ್ಮಂಥ ಅನುಭವಿಗಳು ಸಿಗುವುದೇ ಕಷ್ಟ ಸರ್ ಎಂದಳು. ನಿಮ್ಮ ದನಿಯಲ್ಲೇ ನಾಯಕತ್ವ ಇದೆ ಎಂದಳು. ಭಾವನ ತುತ್ತು ಅರ್ಧದಲ್ಲೇ ನಿಂತಿತು. ಫೀಸಿನ ಮಾತು ಬರುವ ಹೊತ್ತಿಗೆ ಅವರ ಎಡಗೈ ಜೇಬಿನೊಳಗಿತ್ತು. ಅಕ್ಕ ಕೆಮ್ಮಿದ ಮೇಲೆಯೇ ಅದು ಹೊರಬಂದದ್ದು.

"ನಾಳೆಯಿಂದ ಅಂಗಡಿಗೆ ಬಾರಮ್ಮಾ," ಎಂದರು ಭಾವ. "ಇಲ್ಲದೇ ಇರೋ ಕೆಲಸಾನೇ ಇಷ್ಟು ಚೆನ್ನಾಗಿ ಮಾರೋಳು, ಕಣ್ಣೆದುರಿಗಿರೋ ಹಾಸಿಗೆ ಮಾರಲ್ವಾ. ಸಂಬಳ ತಿಂಗಳ ಮೊದಲನೇ ದಿನ, ಕೈಯಲ್ಲೇ."

ಟಿಕೆಟ್ಟಣ್ಣ ಎದ್ದು ನಿಂತ. "ಭಾವ, ನಾನು ಇಷ್ಟು ದಿನದಿಂದ ಇಲ್ಲೇ ಇದ್ದೀನಲ್ಲ."

"ನೀನು ಕೊಳ್ಳೋರ ಪೈಕಿ ಕಣಯ್ಯ. ನನಗೆ ಬೇಕಾಗಿರೋದು ಮಾರೋರು."

ಅವಳಿಗೆ ಇರಲು ಜಾಗವೂ ಇರಲಿಲ್ಲ. ಆ ಫ್ಯಾನಿಲ್ಲದ ರೂಮಿನಲ್ಲೇ ಮಲಗುತ್ತಿದ್ದಳಂತೆ. ಹಿಂಬದಿ ಕೋಣೆ ಇದೆಯಲ್ಲ, ಗುಡಿಸಿಕೊಡುತ್ತೇನೆ ಎಂದಳು ಅಕ್ಕ, ತಮ್ಮನ ಕಡೆ ನೋಡದೆ.

"ಹಾಗಾದ್ರೆ ನಾನೆಲ್ಲಿ ಮಲಗ್ಲಿ?"

"ಅಂಗಡೀಲಿ," ಎಂದರು ಭಾವ. "ಅಷ್ಟೊಂದು ಹಾಸಿಗೆ ಇವೆ. ಕಾವಲೂ ಆಯ್ತು."

ಟಿಕೆಟ್ಟಣ್ಣನ ಕಣ್ಣು ಅರಳಿತು. "ಕಾವಲು ಅಂದ್ರೆ ಅದೂ ಕೆಲಸಾನೇ ಅಲ್ವಾ ಭಾವ? ಸಂಬಳ ಎಷ್ಟು?"

ಭಾವ ಕೈತೊಳೆಯಲು ಎದ್ದರು. "ಮಲಗೋಕೆ ಯಾರಾದ್ರೂ ಸಂಬಳ ಕೊಡ್ತಾರೇನಯ್ಯ? ಹಾಸಿಗೆ ಮೇಲಿನ ಪ್ಲಾಸ್ಟಿಕ್ ಮಾತ್ರ ತೆಗೀಬೇಡ."